ಬಚ್ಚಲಲ್ಲಿ ಕೂತು ಬರೆದವನ ಊರು

ಗ್ರ್ಯಾಂಡ್ ಜಂಕ್ಷನ್ ಎಂಬ ಊರಿನಲ್ಲಿ ಗ್ರ್ಯಾಂಡ್ ಎಂಬ ನದಿ ಇಲ್ಲ. ನದಿ ಎಲ್ಲಿಗೂ ಹೋಗಿಲ್ಲ, ಊರ ಮಗ್ಗುಲಲ್ಲೇ ಮಣ್ಣುಬಣ್ಣಕ್ಕೆ ತಿರುಗಿ ಹರಿಯುತ್ತಿದೆ. ಹೋದದ್ದು ಅದರ ಹೆಸರು. 1921ರವರೆಗೆ ಆ ನೀರನ್ನು ಜನ ಗ್ರ್ಯಾಂಡ್ ನದಿ ಎಂದೇ ಕರೆಯುತ್ತಿದ್ದರು. ಆ ವರ್ಷ ಅಮೆರಿಕದ ಸಂಸತ್ತು ಒಂದು ನಿರ್ಣಯ ಮಾಡಿ, ಇನ್ನು ಮುಂದೆ ಇದೂ ಕೊಲರಾಡೊ ನದಿಯೇ ಎಂದಿತು. ಗನ್ನಿಸನ್ ಎಂಬ ಇನ್ನೊಂದು ನದಿ ಬಂದು ಗ್ರ್ಯಾಂಡನ್ನು ಕೂಡುವ ಜಾಗವಾದ್ದರಿಂದ ಊರಿಗೆ ಆ ಹೆಸರು ಬಂದಿತ್ತು. ನದಿ ಹೆಸರು ಕಳೆದುಕೊಂಡಿತು, ಊರು ಉಳಿಸಿಕೊಂಡಿತು.

ಇದನ್ನು ನನಗೆ ಹೇಳಿದ್ದು ರೈಲಿನಲ್ಲಿ ಎದುರು ಕೂತಿದ್ದ ಒಬ್ಬ ಮುದುಕ. ನಾನು ಯಾರನ್ನು ನೋಡಲು ಅಲ್ಲಿಗೆ ಹೊರಟಿದ್ದೇನೆ ಎಂಬುದು ಆತನಿಗೆ ಗೊತ್ತಿರಲಿಲ್ಲ. ಗೊತ್ತಿದ್ದೇ ಹೇಳಿದನೇನೋ ಎಂಬ ಹಾಗೆ ನಾನು ಬೆಚ್ಚಿದೆ.

ಡೆನ್ವರಿನಲ್ಲಿರುವ ಮಗಳು ಬೇಡವೆಂದಿದ್ದಳು. "ಅಪ್ಪಾ, ಕಾರಲ್ಲಿ ನಾಲ್ಕು ಗಂಟೆ ದಾರಿ. ರೈಲಲ್ಲಿ ಇಡೀ ದಿನ ಕೂತ್ಕೊಂಡೇ ಇರ್ಬೇಕು." ಕೂರುವುದಕ್ಕೇ ಬಂದವರು ನಾವು, ನಿವೃತ್ತರು. ಬೆಳಿಗ್ಗೆ ಎಂಟರ ಸುಮಾರಿಗೆ ಡೆನ್ವರಿನ ಯೂನಿಯನ್ ಸ್ಟೇಷನ್ನಿನಲ್ಲಿ 'ಕ್ಯಾಲಿಫೋರ್ನಿಯಾ ಜೆಫರ್' ಹತ್ತಿದೆವು. ಷಿಕಾಗೊದಿಂದ ಪೆಸಿಫಿಕ್ ಕಡಲ ತಡಿಗೆ ಹೋಗುವ ರೈಲು ಅದು. ಅದರಲ್ಲಿ ಗಾಜಿನ ಗೋಡೆ, ಗಾಜಿನ ಸೂರಿನ ಒಂದು ಬೋಗಿಯಿದೆ. ಟಿಕೆಟ್ಟಿದ್ದವರು ಯಾರು ಬೇಕಾದರೂ ಹೋಗಿ ಕೂರಬಹುದು. ನನ್ನಾಕೆ ಚಕ್ಕುಲಿಯ ಡಬ್ಬಿ ಸಮೇತ ಕಿಟಕಿ ಪಕ್ಕದ ಕುರ್ಚಿ ಹಿಡಿದುಬಿಟ್ಟಳು.

ಗಂಟೆಗೂ ಹೆಚ್ಚು ಕಾಲ ರೈಲು ಬೆಟ್ಟ ಹತ್ತುತ್ತಲೇ ಇತ್ತು. ಆಮೇಲೆ ಧ್ವನಿವರ್ಧಕದಲ್ಲಿ ಒಂದು ಎಚ್ಚರಿಕೆ ಬಂತು: ಸುರಂಗ ಬರುತ್ತಿದೆ, ಬೋಗಿಯಿಂದ ಬೋಗಿಗೆ ಓಡಾಡಬೇಡಿ, ಬಾಗಿಲು ತೆಗೆದರೆ ಎಂಜಿನ್ನಿನ ಹೊಗೆ ಒಳಗೆ ಬರುತ್ತದೆ. ಮೊಫಾಟ್ ಸುರಂಗ. ಸುಮಾರು 10 ಕಿಲೋಮೀಟರ್ ಉದ್ದ. 1928ರಲ್ಲಿ ತೆರೆದದ್ದು. ಖಂಡದ ನಡುಬೆನ್ನೆಲುಬಿನ ಅಡಿಯಲ್ಲಿ ಇದು ಹೋಗುತ್ತದೆ. ಈಚೆ ಕಡೆಗೆ ಬಿದ್ದ ಮಳೆ ಅಟ್ಲಾಂಟಿಕ್ ಸೇರುತ್ತದೆ, ಆಚೆ ಕಡೆಗೆ ಬಿದ್ದದ್ದು ಪೆಸಿಫಿಕ್ ದಿಕ್ಕಿಗೆ ಇಳಿಯುತ್ತದೆ. ಹತ್ತು ನಿಮಿಷ ಕತ್ತಲು. ಗಾಜಿನ ಬೋಗಿಯಲ್ಲಿ ನಮ್ಮ ನಮ್ಮ ಮುಖಗಳೇ ನಮಗೆ ಕಾಣುತ್ತಿದ್ದವು. ಹೊರಬಂದಾಗ ಒಂದು ಹಸಿರು ಬಯಲು, ಅದರ ನಡುವೆ ದಾಟಿಬಿಡಬಹುದು ಅನ್ನಿಸುವಂಥ ಒಂದು ಹಳ್ಳ. ಮುಂದೆ ಕೊಲರಾಡೊ ಸಿಕ್ಕಿತು. ಸಂಜೆಯವರೆಗೂ ಅದು ನಮ್ಮ ಜೊತೆ ಬಿಡಲಿಲ್ಲ.

ಗ್ಲೆನ್‌ವುಡ್ ಕಣಿವೆಯನ್ನು ವರ್ಣಿಸುವ ಸಾಹಸ ನನಗೆ ಬೇಡ. ಎರಡೂ ಕಡೆ ನೂರಾರು ಅಡಿ ಎತ್ತರದ ಗೋಡೆಗಳು. ಬೀರುವಿನಲ್ಲಿ ಮಡಚಿಟ್ಟ ಹಳೆಯ ಸೀರೆಗಳ ಅಂಚುಗಳಂತೆ ಕಲ್ಲಿನ ಪದರಗಳು: ಅಡಿಕೆ ಬಣ್ಣ, ಬೂದಿ ಬಣ್ಣ, ಅರಿಸಿನ ಕಲಸಿದ ಸುಣ್ಣದ ಬಣ್ಣ. ಅಜ್ಜಿಯಿಂದ ಮೊಮ್ಮಗಳವರೆಗೆ ಯಾರೂ ಉಡದೆ ಇಟ್ಟ ಸೀರೆಗಳು. ನನ್ನಾಕೆ ಚಕ್ಕುಲಿ ಕಡಿಯುವುದನ್ನು ನಿಲ್ಲಿಸಿದಳು. ಅಷ್ಟು ಹೇಳಿದರೆ ಸಾಕು.

ನಾನು ಹೊರಟದ್ದು ಡಾಲ್ಟನ್ ಟ್ರಂಬೊ ಎಂಬ ಚಿತ್ರಕಥೆಗಾರನ ಊರಿಗೆ. ಮೈಸೂರಿನಲ್ಲಿ ಓದುತ್ತಿದ್ದಾಗ ಫಿಲ್ಮ್ ಸೊಸೈಟಿಯೊಂದು ಬಿಳಿ ಬಟ್ಟೆ ಕಟ್ಟಿ 'ರೋಮನ್ ಹಾಲಿಡೇ' ತೋರಿಸಿತ್ತು. ನಮ್ಮ ತಲೆಮಾರಿನ ಹುಡುಗರೆಲ್ಲ ಹೇಗೋ ಹಾಗೆ ನಾನೂ ಆಡ್ರಿ ಹೆಪ್‌ಬರ್ನಳ ಕಡೆಗೇ ನೋಡುತ್ತಿದ್ದೆ. ಕಥೆ ಬರೆದವರ ಹೆಸರನ್ನು ಓದಿದ್ದರೂ ನೆನಪಿಟ್ಟುಕೊಳ್ಳುತ್ತಿರಲಿಲ್ಲ. ಅಲ್ಲಿದ್ದ ಹೆಸರು ಇಯಾನ್ ಮೆಕ್ಲೆಲನ್ ಹಂಟರ್. ಆ ಕಥೆಗೆ ಆಸ್ಕರ್ ಬಂತು, ಹಂಟರನ ಹೆಸರಿಗೇ ಬಂತು. ಕಥೆ ಅವನದಲ್ಲ, ಟ್ರಂಬೊನದು ಎಂದು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ. ನಮ್ಮಲ್ಲಿ ಜಮೀನು ಬೇನಾಮಿ ಇರುವುದುಂಟು, ಅಂಗಡಿ ಬೇನಾಮಿ ಇರುವುದುಂಟು. ಪ್ರಪಂಚವೆಲ್ಲ ಪ್ರೀತಿಸಿದ ಒಂದು ಪ್ರೇಮಕಥೆಯೇ ಬೇನಾಮಿ!

*

ಗ್ರ್ಯಾಂಡ್ ಜಂಕ್ಷನ್ ಮರುಭೂಮಿಯ ಊರು. ಆಗಸ್ಟ್ ತಿಂಗಳ ಒಣ ಬಿಸಿಲು ರೈಲು ಇಳಿದ ಕೂಡಲೇ ಕೆನ್ನೆಗೆ ಬಡಿಯಿತು. ಉತ್ತರಕ್ಕೆ ಬೋಳು ಬೆಟ್ಟಗಳ ಸಾಲು, ಸಾಲಾಗಿ ಮಂಡಿಯೂರಿದ ಆನೆಗಳ ಮುಂಗಾಲುಗಳ ಹಾಗೆ. ಅವುಗಳ ಹೆಸರು ಬುಕ್ ಕ್ಲಿಫ್ಸ್. ಕಪಾಟಿನಲ್ಲಿ ಜೋಡಿಸಿದ ಪುಸ್ತಕಗಳಂತೆ ಕಾಣುತ್ತವೆಂದು ಯಾರೋ ಇಟ್ಟ ಹೆಸರು. ನನಗೆ ಆನೆ ಕಂಡಿತು; ಅಲ್ಲಿ ಬೆಳೆದ ಒಬ್ಬ ಹುಡುಗನಿಗೆ ಪುಸ್ತಕವೇ ಕಂಡಿರಬೇಕು. ನೈಋತ್ಯಕ್ಕೆ ಕೆಂಪು ಬಂಡೆಗಳು, ಪೂರ್ವಕ್ಕೆ ಮೇಜಿನಂತೆ ಚಪ್ಪಟೆಯಾದ ಗ್ರ್ಯಾಂಡ್ ಮೇಸಾ. ಇಂಥ ಬೆಂಗಾಡಿನಲ್ಲಿ ನದಿಯಿಂದ ಕಾಲುವೆ ತೆಗೆದು ಪೀಚ್ ಹಣ್ಣು ಬೆಳೆಯುತ್ತಾರೆ. ಪಕ್ಕದ ಪ್ಯಾಲಿಸೇಡಿನ ಪೀಚಿಗೆ ಇಡೀ ರಾಜ್ಯದಲ್ಲಿ ಹೆಸರು. ಅಂದು ಗುರುವಾರ, ಮೇನ್ ಸ್ಟ್ರೀಟಿನಲ್ಲಿ ಸಂಜೆಯ ಸಂತೆ. ಒಂದು ಹಣ್ಣು ಕಚ್ಚಿದರೆ ರಸ ಮೊಣಕೈವರೆಗೆ ಇಳಿಯುತ್ತದೆ. ಆ ಅಂಟು ಕೈಯಲ್ಲೇ ನಾವು ಬೀದಿ ಹಿಡಿದು ನಡೆದೆವು.

ಮೇನ್ ಸ್ಟ್ರೀಟ್ ನೆಟ್ಟಗಿಲ್ಲ. 1960ರ ದಶಕದಲ್ಲಿ ಅದನ್ನು ಬೇಕೆಂದೇ ಹಾವಿನಂತೆ ಬಳುಕಿಸಿ, ಮರಗಳನ್ನು ನೆಟ್ಟು, ಕಾರುಗಳ ಓಟ ಇಳಿಸಿದ್ದಾರೆ. ಮೂಲೆ ಮೂಲೆಗೆ ಶಿಲ್ಪಗಳು. ಅವನ್ನೆಲ್ಲ ನೋಡುತ್ತ ಅವಲಾನ್ ಎಂಬ ಹಳೆಯ ಥಿಯೇಟರಿನ ಮುಂದೆ ಬಂದೆವು. 1923ರಲ್ಲಿ ಕಟ್ಟಿದ್ದು. ಅಲ್ಲಿ, ನಡೆದಾಡುವವರ ಕಾಲ ಬಳಿಯಲ್ಲೇ, ಕಂಚಿನ ಸ್ನಾನದ ತೊಟ್ಟಿ. ತೊಟ್ಟಿಯೊಳಗೆ ಒಬ್ಬ ಗಂಡಸು. ದಪ್ಪ ಮೀಸೆ, ಕನ್ನಡಕ. ಮೈಮೇಲೆ ಬಟ್ಟೆಯಿಲ್ಲ. ತೊಟ್ಟಿಗೆ ಅಡ್ಡಲಾಗಿ ಒಂದು ಹಲಗೆ, ಅದರ ಮೇಲೆ ಕಾಗದ. ಬರೆಯುತ್ತಿದ್ದಾನೆ.

"ಅಯ್ಯೋ, ಇದೇನ್ರೀ! ಬಚ್ಚಲಲ್ಲಿ ಕೂತೋರನ್ನ ತಂದು ಬೀದೀಲಿ ಕೂರ್ಸಿದಾರೆ!"

ನನ್ನಾಕೆ ಸೆರಗು ಬಾಯಿಗೆ ಹಿಡಿದು ನಕ್ಕಳು. ಆಮೇಲೆ ಸುತ್ತ ಒಂದು ಪ್ರದಕ್ಷಿಣೆ ಬಂದು, ಮರ್ಯಾದೆಗೆ ಧಕ್ಕೆ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಫೋಟೊ ತೆಗೆಯಲು ಒಪ್ಪಿದಳು.

ಟ್ರಂಬೊ ನಿಜಕ್ಕೂ ಹಾಗೆಯೇ ಬರೆಯುತ್ತಿದ್ದ. ಬೆನ್ನುನೋವು ಅವನನ್ನು ಕಾಡುತ್ತಿತ್ತು. ಬಿಸಿನೀರಿನಲ್ಲಿ ಕೂತರೆ ಹಾಯ್ ಎನಿಸುತ್ತಿತ್ತು. ರಾತ್ರಿಯಿಡೀ ತೊಟ್ಟಿಯಲ್ಲಿ ಕೂತು, ಸಿಗರೇಟು ಸುಡುತ್ತ, ಬರೆದದ್ದನ್ನು ಕತ್ತರಿಸಿ ಅಂಟಿಸುತ್ತ ಇರುತ್ತಿದ್ದ. ಮಗಳು ಮಿಟ್ಜಿ ಅಪ್ಪನನ್ನು ತೊಟ್ಟಿಯಲ್ಲಿ ಹಿಡಿದ ಒಂದು ಫೋಟೊ ಲೋಕಪ್ರಸಿದ್ಧ. 2007ರಲ್ಲಿ ಊರಿನವರು ಅದೇ ಭಂಗಿಯನ್ನು ಕಂಚಿನಲ್ಲಿ ಎರಕ ಹೊಯ್ಯಿಸಿ ಇಲ್ಲಿ ಕೂರಿಸಿದರು.

ಇದರಲ್ಲೇನು ಅಚ್ಚರಿ, ಹೆಸರಾಂತ ಮಗನಿಗೆ ಊರು ಪ್ರತಿಮೆ ಇಡುವುದು ಸಹಜ ತಾನೆ ಎನ್ನಬಹುದು. ಈ ಊರು ಅವನ ಮೇಲೆ ಹಲ್ಲು ಕಡಿದು ಕೂತಿತ್ತು ಎಂಬುದೇ ಅಚ್ಚರಿ.

ಟ್ರಂಬೊ ಹುಟ್ಟಿದ್ದು 1905ರ ಡಿಸೆಂಬರಿನಲ್ಲಿ, ಇಲ್ಲಿಂದ ನೂರು ಕಿಲೋಮೀಟರ್ ದಕ್ಷಿಣದ ಮಾಂಟ್ರೋಸಿನಲ್ಲಿ. ಎರಡು ಮೂರು ವರ್ಷದ ಮಗುವಾಗಿದ್ದಾಗ ಮನೆಯವರು ಇಲ್ಲಿಗೆ ಬಂದರು. ಅಪ್ಪ ಓರಸ್ ಒಂದು ಚಪ್ಪಲಿ ಅಂಗಡಿಯಲ್ಲಿ ಗುಮಾಸ್ತ. ಹುಡುಗ ಹೈಸ್ಕೂಲಿನಲ್ಲಿರುವಾಗಲೇ 'ಡೈಲಿ ಸೆಂಟಿನೆಲ್' ಪತ್ರಿಕೆಗೆ ವರದಿ ಬರೆಯಲು ಹೋಗುತ್ತಿದ್ದ. ಕೋರ್ಟು, ಶವಯಾತ್ರೆ, ಸಂಘಗಳ ಸಭೆ, ಹೀಗೆ ಊರಿನ ಒಳಹೊರಗೆಲ್ಲ ಅವನಿಗೆ ಗೊತ್ತು. 1924ರಲ್ಲಿ ಬೋಲ್ಡರಿನ ವಿಶ್ವವಿದ್ಯಾಲಯಕ್ಕೆ ಸೇರಿದ, ಒಂದು ವರ್ಷ ಓದಿದ. ಅಷ್ಟರಲ್ಲಿ ಅಪ್ಪನ ಕೆಲಸ ಹೋಯಿತು. ಮನೆಮಂದಿಯೆಲ್ಲ ಲಾಸ್ ಏಂಜಲೀಸಿಗೆ ಗುಳೆ ಹೋದರು. ಮರುವರ್ಷವೇ ಅಪ್ಪ ತೀರಿಕೊಂಡ.

ಹತ್ತು ವರ್ಷದ ಬಳಿಕ, 1935ರಲ್ಲಿ, ಟ್ರಂಬೊನ ಮೊದಲ ಕಾದಂಬರಿ 'ಎಕ್ಲಿಪ್ಸ್' ಲಂಡನ್ನಿನಲ್ಲಿ ಅಚ್ಚಾಯಿತು. ಅದರಲ್ಲೊಂದು 'ಶೇಲ್ ಸಿಟಿ' ಎಂಬ ಊರು. ಹೆಸರು ಮಾತ್ರ ಕಟ್ಟಿದ್ದು. ಬೀದಿ, ಬ್ಯಾಂಕು, ಅಂಗಡಿ, ದೊಡ್ಡಮನುಷ್ಯರ ಸಣ್ಣತನ ಎಲ್ಲ ಈ ಊರಿನದೇ. ಒಳ್ಳೆಯ ಕಾಲದಲ್ಲಿ ಎಲ್ಲರಿಗೂ ಬೇಕಾಗಿದ್ದ ಒಬ್ಬ ವ್ಯಾಪಾರಿ ಮುಳುಗಿದಾಗ ಊರು ಹೇಗೆ ಕೈಬಿಟ್ಟಿತು ಎಂಬ ಕಥೆ. ಇಂಥವನು ಇವನೇ, ಅವನು ಅವನೇ ಎಂದು ಜನ ಬೆರಳು ಮಡಚಿ ಲೆಕ್ಕ ಹಾಕಿದರು. ದಶಕಗಳ ಕಾಲ ಮುನಿಸು ಆರಲಿಲ್ಲ. ತಮ್ಮ ಊರಿನ ಬಗ್ಗೆ ಬರೆದು ಊರಿಗೆ ಹೋಗಲಾಗದೆ ಒದ್ದಾಡಿದ ಕಾದಂಬರಿಕಾರರು ನಮ್ಮಲ್ಲೂ ಇದ್ದಾರೆ. ಹಾಗಾಗಿ ಕಥೆ ಅರ್ಥವಾಗಲು ನನಗೆ ಕಷ್ಟವಾಗಲಿಲ್ಲ. ಅರ್ಥವಾಗದೆ ಉಳಿದದ್ದು ಈ ತೊಟ್ಟಿ. ಬೈದವನನ್ನು ಊರು ಕ್ಷಮಿಸಬಹುದು. ಕೋಟು ತೊಡಿಸಿ, ಎತ್ತರದ ಕಂಬದ ಮೇಲೆ ನಿಲ್ಲಿಸಿ, ಕೈಗೊಂದು ಪುಸ್ತಕ ಕೊಟ್ಟು ಕೈತೊಳೆದುಕೊಳ್ಳಬಹುದು. ಇವರು ಅವನನ್ನು ಅವನ ಬಚ್ಚಲಿನ ಸಮೇತ ಕರೆತಂದಿದ್ದಾರೆ, ಮಕ್ಕಳು ಮುಟ್ಟುವ ಎತ್ತರದಲ್ಲಿ. ನಾವು ನೋಡುತ್ತಿದ್ದ ಹಾಗೆಯೇ ಒಂದು ಹುಡುಗಿ ಬಂದು ಅವನ ಹಲಗೆಯ ಮೇಲೆ ತಾನು ತಿಂದ ಪೀಚಿನ ಓಟೆ ಇಟ್ಟು ಹೋದಳು.

*

ಮರುದಿನ ಬೆಳಿಗ್ಗೆ ನದಿಯ ದಂಡೆಯ ಕಾಲುದಾರಿ ಹಿಡಿದೆವು. ಗನ್ನಿಸನ್ ದಕ್ಷಿಣದಿಂದ ಬಂದು ಕೊಲರಾಡೊವನ್ನು ಸೇರುತ್ತದೆ. ಎರಡು ನೀರಿಗೂ ಸ್ವಲ್ಪ ಬಣ್ಣಭೇದ. ಕೆಲವು ಮಾರು ಹೆಗಲು ತಾಗಿಸಿಕೊಂಡು ಹೋಗಿ ಆಮೇಲೆ ಒಂದಾಗುತ್ತವೆ. ಕನ್ನಡದವನು ಎರಡು ನದಿ ಕೂಡುವುದನ್ನು ಕಂಡು ಕೂಡಲಸಂಗಮ ನೆನೆಯದೆ ಇರಲಾರ. ಬಸವಣ್ಣ ವಚನದ ಕೊನೆಗೆ ತನ್ನ ಹೆಸರು ಹಾಕಲಿಲ್ಲ, ನದಿ ಕೂಡುವ ಜಾಗದ ದೇವರ ಹೆಸರು ಹಾಕಿದ. ಬೇಂದ್ರೆ ಅಂಬಿಕಾತನಯದತ್ತರಾದರು. ಪುಟ್ಟಪ್ಪ ಕುವೆಂಪು ಆದರು. ನಮ್ಮಲ್ಲಿ ಬರೆಯುವವರು ಹೆಸರು ಬಿಟ್ಟುಕೊಡುವುದು ಭಕ್ತಿಗೆ, ಇಲ್ಲವೆ ಪ್ರೀತಿಗೆ. ಅಂಕಿತ, ಕಾವ್ಯನಾಮ ಎಂಬ ಚೆಂದದ ಪದಗಳಿವೆ ಅದಕ್ಕೆ. ಹೊಟ್ಟೆಪಾಡಿಗಾಗಿ, ಸರ್ಕಾರಕ್ಕೆ ಹೆದರಿದ ಧಣಿಗಳ ಕಣ್ಣು ತಪ್ಪಿಸಲು ಇಟ್ಟುಕೊಳ್ಳುವ ಹೆಸರಿಗೆ ನಮ್ಮಲ್ಲಿ ಬೇರೆ ಪದವಿಲ್ಲ. ಬೇನಾಮಿಯೇ ಸರಿ.

"ಅದು ಸರಿ, ದುಡ್ಡು ಯಾರಿಗೆ ಹೋಗ್ತಿತ್ತು?" ಎಂದಳು ನನ್ನಾಕೆ. ಅವಳು ಬ್ಯಾಂಕಿನಲ್ಲಿದ್ದವಳು.

ಅಲ್ಲೇ ಕಲ್ಲಿನ ಮೇಲೆ ಕೂತು ಕಥೆ ಹೇಳಿದೆ.

1940ರ ದಶಕದಲ್ಲಿ ಹಾಲಿವುಡ್ಡಿನಲ್ಲಿ ಅತಿ ಹೆಚ್ಚು ಸಂಬಳ ಪಡೆಯುತ್ತಿದ್ದ ಬರಹಗಾರರಲ್ಲಿ ಟ್ರಂಬೊ ಒಬ್ಬ. 'ಕಿಟಿ ಫಾಯ್ಲ್' ಚಿತ್ರಕ್ಕೆ ಆಸ್ಕರ್ ನಾಮನಿರ್ದೇಶನ ಆಗಿತ್ತು. ಜಪಾನಿನ ಮೇಲಿನ ಅಮೆರಿಕದ ಬಾಂಬ್ ದಾಳಿಯನ್ನು ಕುರಿತ 1944ರ 'ಥರ್ಟಿ ಸೆಕೆಂಡ್ಸ್ ಓವರ್ ಟೋಕಿಯೊ' ಅವನದೇ. ಅಂದರೆ ದೇಶಭಕ್ತಿಯ ಚಿತ್ರವನ್ನೂ ಬರೆದವನು. 1943ರಲ್ಲಿ ಕಮ್ಯುನಿಸ್ಟ್ ಪಕ್ಷ ಸೇರಿದ್ದ. ಯುದ್ಧ ಕಾಲದಲ್ಲಿ ರಷ್ಯಾ ಅಮೆರಿಕದ ಗೆಳೆಯ, ಯಾರೂ ಕೇಳಲಿಲ್ಲ. ಯುದ್ಧ ಮುಗಿಯಿತು, ಗೆಳೆತನ ಹಳಸಿತು. 1947ರ ಅಕ್ಟೋಬರಿನಲ್ಲಿ ಸಂಸತ್ತಿನ ಸಮಿತಿಯೊಂದು ಸಿನಿಮಾದವರನ್ನು ವಾಷಿಂಗ್ಟನ್ನಿಗೆ ಕರೆಸಿತು. ಅಕ್ಟೋಬರ್ 28ರಂದು ಟ್ರಂಬೊನ ಸರದಿ. ತನ್ನ 20 ಚಿತ್ರಕಥೆಗಳನ್ನು ಹೊತ್ತುಕೊಂಡೇ ಹೋಗಿದ್ದ. ಇವುಗಳಲ್ಲಿ ದೇಶದ್ರೋಹ ಎಲ್ಲಿದೆ ತೋರಿಸಿ ಎಂದು. ಪುಟಗಳು ಬಹಳವಾದವು ಎಂದು ಅಧ್ಯಕ್ಷರು ತೆಗೆದುಕೊಳ್ಳಲಿಲ್ಲ. ಅವರಿಗೆ ಬೇಕಿದ್ದದ್ದು ಒಂದೇ ಪ್ರಶ್ನೆಗೆ ಉತ್ತರ: ನೀನು ಕಮ್ಯುನಿಸ್ಟನೋ, ಎಂದಾದರೂ ಆಗಿದ್ದೆಯೋ? ಅದನ್ನು ಕೇಳುವ ಹಕ್ಕು ನಿಮಗಿಲ್ಲ ಎಂದು ಪಟ್ಟು ಹಿಡಿದವರು ಹತ್ತು ಜನ. ಅವರನ್ನು 'ಹಾಲಿವುಡ್ ಟೆನ್' ಎಂದೇ ಕರೆಯುತ್ತಾರೆ. ಮುಂದಿನ ತಿಂಗಳೇ ಸ್ಟುಡಿಯೊ ಧಣಿಗಳು ನ್ಯೂಯಾರ್ಕಿನ ವಾಲ್ಡಾರ್ಫ್ ಆಸ್ಟೋರಿಯಾ ಹೋಟೆಲಿನಲ್ಲಿ ಸಭೆ ಸೇರಿ, ಈ ಹತ್ತು ಜನಕ್ಕೆ ಕೆಲಸವಿಲ್ಲ ಎಂದರು. ಕಪ್ಪುಪಟ್ಟಿ ಶುರುವಾಯಿತು. ಮುಂದೆ ಅದು ನೂರಾರು ಜನರನ್ನು ನುಂಗಿತು.

ಸಂಸತ್ತಿಗೆ ಅಗೌರವ ತೋರಿದನೆಂದು ಟ್ರಂಬೊನಿಗೆ ಒಂದು ವರ್ಷ ಶಿಕ್ಷೆಯಾಯಿತು. 1950ರ ಜೂನಿನಲ್ಲಿ ಕೆಂಟಕಿಯ ಆಶ್‌ಲೆಂಡ್ ಜೈಲಿಗೆ ಹೋಗಿ ಸುಮಾರು ಹತ್ತು ತಿಂಗಳು ಕಳೆದ. ಕೈದಿ ನಂಬರ್ 7551. ಇಲ್ಲೊಂದು ತಮಾಷೆಯಿದೆ. ಸಮಿತಿಯ ಅಧ್ಯಕ್ಷ ಪಾರ್ನೆಲ್ ಥಾಮಸ್ ತನ್ನ ಕಚೇರಿಯಲ್ಲಿ ಕೆಲಸವೇ ಮಾಡದವರ ಹೆಸರಲ್ಲಿ ಸಂಬಳ ಬರೆದು ಜೇಬಿಗೆ ಹಾಕಿಕೊಂಡ ಮೊಕದ್ದಮೆಯಲ್ಲಿ ಸಿಕ್ಕಿಬಿದ್ದ. ಅವನನ್ನು ಕಳಿಸಿದ ಡ್ಯಾನ್‌ಬರಿ ಜೈಲಿಗೇ ಹತ್ತು ಜನರಲ್ಲಿ ಇಬ್ಬರೂ ಬಂದು ಸೇರಿದರು. ಅವನದೂ ಬೇನಾಮಿ ವ್ಯವಹಾರವೇ. ಇದನ್ನು ಹೇಳಿದಾಗ ನನ್ನಾಕೆ ನಕ್ಕ ನಗುವಿಗೆ ದಂಡೆಯಲ್ಲಿದ್ದ ಬಾತುಗಳು ಹಾರಿದವು.

ಜೈಲಿಗೆ ಹೋಗುವ ಮೊದಲೇ, ಕೆಲಸವಿಲ್ಲದ ದಿನಗಳಲ್ಲಿ, ಅವನು 'ರೋಮನ್ ಹಾಲಿಡೇ' ಕಥೆ ಬರೆದಿದ್ದ. ಗೆಳೆಯ ಹಂಟರ್ ತನ್ನ ಹೆಸರಿನಲ್ಲಿ ಅದನ್ನು ಮಾರಿ, ಬಂದ ಹಣವನ್ನು ಟ್ರಂಬೊನಿಗೆ ದಾಟಿಸಿದ. "ಪರ್ವಾಗಿಲ್ಲ, ನಿಯತ್ತಿನ ಮನುಷ್ಯ" ಎಂದಳು ಬ್ಯಾಂಕಿನವಳು. ನಿಯತ್ತಿನವನೇ. ಸ್ವಲ್ಪ ದಿನಕ್ಕೆ ಹಂಟರನೂ ಕಪ್ಪುಪಟ್ಟಿಗೆ ಬಿದ್ದ.

ಆ ಚಿತ್ರವನ್ನು ಈ ಬೆಳಕಿನಲ್ಲಿ ಮತ್ತೆ ನೆನೆದುಕೊಂಡೆ. ಅರಮನೆಯಿಂದ ತಪ್ಪಿಸಿಕೊಂಡ ರಾಜಕುಮಾರಿ ಹೆಸರು ಮುಚ್ಚಿಡುತ್ತಾಳೆ, ಅನ್ಯಾ ಸ್ಮಿತ್ ಎನ್ನುತ್ತಾಳೆ. ಕನ್ನಡದ ಕಿವಿಗೆ 'ಅನ್ಯ' ಎಂದೇ ಕೇಳುತ್ತದೆ. ಪತ್ರಕರ್ತ ತನ್ನ ಕಸುಬು ಮುಚ್ಚಿಡುತ್ತಾನೆ. ಕೊನೆಗೆ ಅವನ ಕೈಯಲ್ಲಿ ದೊಡ್ಡ ಸುದ್ದಿಯಿದೆ, ಗೆಳೆಯನ ಕೈಯಲ್ಲಿ ಫೋಟೊಗಳಿವೆ, ಮಾರಿದರೆ ಹಣ. ಇಬ್ಬರೂ ಮಾರುವುದಿಲ್ಲ. ಅವಳ ಗುಟ್ಟು ಬಿಟ್ಟುಕೊಡುವುದಿಲ್ಲ. ಗೆಳೆಯರ ಹೆಸರು ಹೇಳಿ ಕೆಲಸ ಉಳಿಸಿಕೊಳ್ಳಿ ಎಂದು ಒಂದು ಊರನ್ನೇ ಪೀಡಿಸುತ್ತಿದ್ದ ಕಾಲದಲ್ಲಿ ಬಂದ ಕಥೆ ಇದು. ಪ್ರೇಮಕಥೆ ಎಂದುಕೊಂಡು ನಲವತ್ತು ವರ್ಷ ಕಳೆದೆನಲ್ಲ!

ಜೈಲಿನಿಂದ ಬಂದವನು 1951ರಲ್ಲಿ ಹೆಂಡತಿ ಕ್ಲಿಯೊ, ಮೂರು ಮಕ್ಕಳನ್ನು ಕಟ್ಟಿಕೊಂಡು ಮೆಕ್ಸಿಕೊ ಸಿಟಿಗೆ ಹೋದ. ಅಲ್ಲಿ ಕಂಡ ಗೂಳಿಕಾಳಗದಿಂದ ಒಂದು ಕಥೆ ಹುಟ್ಟಿತು: ತಾನು ಸಾಕಿದ ಗೂಳಿ ಅಖಾಡಕ್ಕೆ ಹೋದಾಗ ಅದರ ಜೀವ ಉಳಿಸಿಕೊಡಿ ಎಂದು ದೇಶದ ಅಧ್ಯಕ್ಷರವರೆಗೆ ಓಡುವ ಒಬ್ಬ ಹುಡುಗನ ಕಥೆ. 1954ರಲ್ಲಿ ಮರಳಿ ಬಂದಾಗ ಕಿಸೆ ಖಾಲಿ, ಈ ಕಥೆ ಜೊತೆಗಿತ್ತು.

*

ನಾವೂ ಅವನ ಬೆನ್ನು ಹತ್ತಿ ಲಾಸ್ ಏಂಜಲೀಸಿಗೆ ಹೋದೆವು, ವಿಮಾನದಲ್ಲಿ.

ಮೊದಲು ಹುಡುಕಿದ್ದು ಒಂದು ಬೇಕರಿ. ಅದು ಇಲ್ಲವೆಂದು ಗೊತ್ತಿದ್ದೇ ಹುಡುಕಿದೆ. ಅಪ್ಪ ಸತ್ತ ಮೇಲೆ ಮನೆ ನಡೆಸಲು ಟ್ರಂಬೊ ಸೇರಿದ್ದು ಡೇವಿಸ್ ಪರ್ಫೆಕ್ಷನ್ ಬೇಕರಿ, ನಗರದ ನಡುಭಾಗದಲ್ಲಿ ಎರಡನೆಯ ಬೀದಿ ಮತ್ತು ಬೋಡ್ರಿ ರಸ್ತೆ ಕೂಡುವಲ್ಲಿ. ಸ್ವಲ್ಪ ದಿನದ ಮಟ್ಟಿಗೆ ಎಂದು ಸೇರಿದವನು ಸುಮಾರು ಎಂಟು ವರ್ಷ ರಾತ್ರಿಪಾಳಿಯಲ್ಲಿ ಬ್ರೆಡ್ಡು ಸುತ್ತಿದ. ಹಗಲು ಬರೆದ. ಎಂಬತ್ತಕ್ಕೂ ಹೆಚ್ಚು ಕಥೆಗಳು, ಆರು ಕಾದಂಬರಿಗಳು. ಒಂದಾದ ಮೇಲೊಂದು ವಾಪಸು ಬಂದವು. ಈಗ ಅಲ್ಲಿ ಫ್ರೀವೇಯ ಗುಂಯ್‌ಗುಡುವ ಸದ್ದು, ಎತ್ತರದ ಕಟ್ಟಡಗಳ ಗಾಜು. ಬಸ್ಸು ತಪ್ಪಿಸಿಕೊಂಡು, ಬೆವರಿ, ಎರಡು ಸಲ ಅದೇ ಮೂಲೆಗೆ ಬಂದು ನಿಂತೆವು. ನೋಡಲು ಏನೂ ಇಲ್ಲದ ಆ ಮೂಲೆ ನನಗೆ ಬೇಸರ ತರಲಿಲ್ಲ. 1939ರಲ್ಲಿ ಬಂದ ಅವನ 'ಜಾನಿ ಗಾಟ್ ಹಿಸ್ ಗನ್' ಕಾದಂಬರಿಯ ಹುಡುಗ ಈ ಬೇಕರಿಯಲ್ಲೇ ದುಡಿದವನು, ಆ ಶೇಲ್ ಸಿಟಿಯಿಂದಲೇ ಬಂದವನು. ಮೊದಲ ಮಹಾಯುದ್ಧದಲ್ಲಿ ಅವನ ಕೈಕಾಲು ಹೋಗಿವೆ, ಕಣ್ಣು, ಕಿವಿ, ಬಾಯಿ ಹೋಗಿವೆ. ಆಸ್ಪತ್ರೆಯಲ್ಲಿ ಮಲಗಿರುವ ಅವನು ಯಾರೆಂದು ಯಾರಿಗೂ ಗೊತ್ತಿಲ್ಲ. ಕೊನೆಗೆ ದಿಂಬಿಗೆ ತಲೆ ಕುಟ್ಟಿ ಕುಟ್ಟಿ ಮೋರ್ಸ್ ಸಂಕೇತದಲ್ಲಿ ಮಾತನಾಡುತ್ತಾನೆ. ಬಾಯಿ ಕಳೆದುಕೊಂಡವನು ಮಾತಿಗೆ ದಾರಿ ಹುಡುಕುವ ಈ ಕಥೆಯನ್ನು ಟ್ರಂಬೊ ತನ್ನ ಬಾಯಿಗೆ ಬೀಗ ಬೀಳುವ ಎಂಟು ವರ್ಷ ಮೊದಲೇ ಬರೆದಿದ್ದ.

ಆ ಪುಸ್ತಕದ ಬಾಲಕ್ಕೊಂದು ಮುಜುಗರದ ಸಂಗತಿ ಅಂಟಿಕೊಂಡಿದೆ, ಅದನ್ನು ಬಿಟ್ಟರೆ ತಪ್ಪಾಗುತ್ತದೆ. ಎರಡನೆಯ ಮಹಾಯುದ್ಧದ ನಡುವೆ ನಾಜಿಗಳ ಕಡೆಗಿದ್ದ ಕೆಲವರು, ಯುದ್ಧ ಬೇಡವೆನ್ನುವ ಈ ಪುಸ್ತಕ ಎಲ್ಲಿ ಸಿಗುತ್ತದೆಂದು ಅವನಿಗೆ ಪತ್ರ ಬರೆದರು. ಟ್ರಂಬೊ ಆ ಪತ್ರಗಳನ್ನು ಎಫ್‌ಬಿಐಗೆ ಒಪ್ಪಿಸಿದ. ಮನೆಗೆ ಬಂದ ಅಧಿಕಾರಿಗಳಿಗೆ ಪತ್ರ ಬರೆದವರಿಗಿಂತ ಇವನ ಬಗೆಗೇ ಹೆಚ್ಚು ಕುತೂಹಲ. ಇದನ್ನು ಅವನೇ ಮುಂದೆ ಮುನ್ನುಡಿಯಲ್ಲಿ ಬರೆದುಕೊಂಡಿದ್ದಾನೆ. ಹೆಸರು ಕೊಡುವುದು ಎಷ್ಟು ಸುಲಭವಾಗಿ ಆಗಿಹೋಗುತ್ತದೆ ಎಂದು ಅವನಿಗೆ ಮೈಮೇಲಿನ ಅನುಭವವಿತ್ತು. 1970ರಲ್ಲಿ ಬರಹಗಾರರ ಸಂಘದ ಸನ್ಮಾನ ಸ್ವೀಕರಿಸುತ್ತ, ಆ ಕಾಲದಲ್ಲಿ ವೀರರೂ ಇರಲಿಲ್ಲ, ಖಳರೂ ಇರಲಿಲ್ಲ, ಎಲ್ಲರೂ ಬಲಿಪಶುಗಳೇ ಎಂಬ ಅರ್ಥದ ಮಾತು ಹೇಳಿದ. ಅವನಂತೆಯೇ ಜೈಲಿಗೆ ಹೋಗಿದ್ದ ಆಲ್ಬರ್ಟ್ ಮಾಲ್ಟ್ಜ್ ಇದನ್ನು ಕೇಳಿ ಸಿಡಿದೆದ್ದ. ಗೆಳೆಯರ ಹೆಸರು ಹೇಳಿ ಉಂಡವರೂ, ಹೇಳದೆ ಉಪವಾಸ ಬಿದ್ದವರೂ ಒಂದೇಯೇ? ನನ್ನನ್ನು ಕೇಳಿದರೆ ಮಾಲ್ಟ್ಜನ ಮಾತೇ ನ್ಯಾಯ. ಆದರೆ ಹಾಗೆ ಕ್ಷಮಿಸುವ ಹಕ್ಕು ಯಾರಿಗಾದರೂ ಇದ್ದರೆ ಅದು ಟ್ರಂಬೊನಿಗಿತ್ತು.

ಮಾರನೆಯ ಸಂಜೆ ಹಾಲಿವುಡ್ ಬುಲೆವಾರ್ಡಿನ ಪ್ಯಾಂಟೇಜಸ್ ಥಿಯೇಟರಿನ ಮುಂದೆ ನಿಂತೆವು. 1930ರಲ್ಲಿ ತೆರೆದ ಬಂಗಾರದ ಪೆಟ್ಟಿಗೆಯಂಥ ಕಟ್ಟಡ. ಈಗ ಸಂಗೀತ ನಾಟಕಗಳಿಗೆ ಮೀಸಲು. ಟಿಕೆಟ್ಟಿನ ಬೆಲೆ ಕೇಳಿ ನನ್ನಾಕೆ ನನ್ನ ತೋಳು ಹಿಡಿದು ಎರಡು ಹೆಜ್ಜೆ ಹಿಂದೆ ಎಳೆದಳು. ಪಾದಚಾರಿ ಹಾದಿಯ ತುಂಬ ನಕ್ಷತ್ರಗಳು, ನಕ್ಷತ್ರಕ್ಕೊಂದು ಹೆಸರು. ಹೆಸರುಗಳ ಮೇಲೆ ಕಾಲಿಡದೆ ಅಲ್ಲಿ ನಡೆಯಲಾಗುವುದಿಲ್ಲ. ಸರಸ್ವತಿಗೆ ಕಾಲು ತಾಗಿದರೆ ಕಣ್ಣಿಗೊತ್ತಿಕೊಳ್ಳುವ ನಮಗೆ ಬಹಳ ಫಜೀತಿ.

1957ರ ಮಾರ್ಚ್ 27ರ ರಾತ್ರಿ ಆಸ್ಕರ್ ಸಮಾರಂಭ ನಡೆದದ್ದು ಇದೇ ಥಿಯೇಟರಿನಲ್ಲಿ. ಅತ್ಯುತ್ತಮ ಕಥೆಯ ಲಕೋಟೆ ಒಡೆದವಳು ಡೆಬೊರಾ ಕೆರ್. 'ದಿ ಬ್ರೇವ್ ಒನ್', ಬರೆದವರು ರಾಬರ್ಟ್ ರಿಚ್. ಗೂಳಿ ಮತ್ತು ಹುಡುಗನ ಅದೇ ಕಥೆ. ಚಪ್ಪಾಳೆ ಬಿತ್ತು, ಯಾರೂ ಎದ್ದು ಬರಲಿಲ್ಲ. ಬರಹಗಾರರ ಸಂಘದ ಪರವಾಗಿ ಜೆಸ್ಸಿ ಲ್ಯಾಸ್ಕಿ ಜೂನಿಯರ್ ವೇದಿಕೆಗೆ ಬಂದು, ರಿಚ್ ಹೆರಿಗೆಯಾಗಲಿರುವ ಹೆಂಡತಿಯ ಪಕ್ಕದಲ್ಲಿದ್ದಾರೆ ಎಂದು ಹೇಳಿ ಪ್ರತಿಮೆ ತೆಗೆದುಕೊಂಡ. ಮರುದಿನ ಸಂಘದವರು ತಮ್ಮ ಪಟ್ಟಿ ನೋಡಿದರೆ ಅಂಥ ಸದಸ್ಯನೇ ಇಲ್ಲ! ಚಿತ್ರ ತೆಗೆದ ಕಿಂಗ್ ಸೋದರರ ಸೋದರಳಿಯನೊಬ್ಬನ ಹೆಸರು ಅದು, ಎರವಲು ತಂದದ್ದು. ಬರೆದವನು ಯಾರು? ಪತ್ರಿಕೆಗಳು ಬೆನ್ನು ಬಿದ್ದವು. ಟ್ರಂಬೊ ಒಪ್ಪಲೂ ಇಲ್ಲ, ಅಲ್ಲಗಳೆಯಲೂ ಇಲ್ಲ. ಯಾವ ಒಳ್ಳೆಯ ಚಿತ್ರ ಬಂದರೂ ಇದು ಅವನದಿರಬಹುದೇ ಎಂದು ಊರೆಲ್ಲ ಪಿಸುಗುಡುವ ಹಾಗೆ ಮಾಡಿದ. ಹೆಸರಿಲ್ಲದಿರುವುದನ್ನೇ ಕೋಲು ಮಾಡಿಕೊಂಡು ಕಪ್ಪುಪಟ್ಟಿಯನ್ನು ಬಡಿದ. ಈ ಚತುರತೆಗೆ ನಾನು ಮರುಳಾಗಿದ್ದೇನೆ. ಪಕ್ಷದ ನಂಟು ನಿರಾಕರಿಸದವರಿಗೆ ಪ್ರಶಸ್ತಿಯಿಲ್ಲ ಎಂದು ಅಕಾಡೆಮಿ ಮಾಡಿಕೊಂಡಿದ್ದ ನಿಯಮ ನಗೆಪಾಟಲಾಯಿತು. 1959ರ ಜನವರಿಯಲ್ಲಿ ಅದನ್ನು ಕಿತ್ತುಹಾಕಿದರು. ಅದೇ ತಿಂಗಳು ಟ್ರಂಬೊ, ಹೌದು, ರಾಬರ್ಟ್ ರಿಚ್ ನಾನೇ ಎಂದ.

ಬಾಕಿ ಕಥೆ ಬೇಗ ಮುಗಿಯುತ್ತದೆ. 1960ರ ಜನವರಿ 20ರಂದು ನಿರ್ದೇಶಕ ಆಟೊ ಪ್ರೆಮಿಂಜರ್, 'ಎಕ್ಸೊಡಸ್' ಚಿತ್ರಕ್ಕೆ ಬರೆದವನು ಟ್ರಂಬೊ, ತೆರೆಯ ಮೇಲೂ ಹಾಗೇ ಹಾಕುತ್ತೇನೆ ಎಂದು ಪತ್ರಿಕೆಯಲ್ಲಿ ಹೇಳಿದ. ಸ್ಯಾಮ್ ಜ್ಯಾಕ್ಸನ್ ಎಂಬ ಹೆಸರಲ್ಲಿ ಬರೆಸಿಕೊಂಡಿದ್ದ 'ಸ್ಪಾರ್ಟಕಸ್'ಗೂ ನಟ, ನಿರ್ಮಾಪಕ ಕಿರ್ಕ್ ಡಗ್ಲಸ್ ಅವನ ಹೆಸರನ್ನೇ ಹಾಕಿದ. ದಂಗೆಯೆದ್ದ ಗುಲಾಮರು ತಮ್ಮ ನಾಯಕ ಯಾರೆಂದು ತೋರಿಸಿಕೊಡದೆ, ನಾನು ಸ್ಪಾರ್ಟಕಸ್, ನಾನು ಸ್ಪಾರ್ಟಕಸ್ ಎಂದು ಒಬ್ಬೊಬ್ಬರಾಗಿ ಎದ್ದು ನಿಲ್ಲುವ ದೃಶ್ಯ ನಿಮಗೆ ನೆನಪಿರಬಹುದು. ಥಿಯೇಟರುಗಳ ಮುಂದೆ ವಿರೋಧಿಗಳು ಫಲಕ ಹಿಡಿದು ನಿಂತರು. 1961ರ ಫೆಬ್ರವರಿಯಲ್ಲಿ ಹೊಸ ಅಧ್ಯಕ್ಷ ಕೆನಡಿ ವಾಷಿಂಗ್ಟನ್ನಿನಲ್ಲಿ ಅವರನ್ನು ದಾಟಿಕೊಂಡು ಒಳಗೆ ಹೋಗಿ ಚಿತ್ರ ನೋಡಿ ಬಂದರು.

ರಾಬರ್ಟ್ ರಿಚ್ಚನಿಗೆ ಬಂದಿದ್ದ ಆಸ್ಕರನ್ನು ಅಕಾಡೆಮಿ ಟ್ರಂಬೊನ ಕೈಗೆ ಕೊಟ್ಟದ್ದು 1975ರಲ್ಲಿ. ಆಗ ಅವನಿಗೆ ಶ್ವಾಸಕೋಶದ ಕ್ಯಾನ್ಸರಿನ ಶಸ್ತ್ರಚಿಕಿತ್ಸೆ ಆಗಿತ್ತು. 1976ರ ಸೆಪ್ಟೆಂಬರ್ 10ರಂದು ತೀರಿಕೊಂಡ, ಎಪ್ಪತ್ತರ ವಯಸ್ಸಿನಲ್ಲಿ. 'ರೋಮನ್ ಹಾಲಿಡೇ'ಯ ಆಸ್ಕರ್ ಬಂದದ್ದು 1993ರಲ್ಲಿ, ಕ್ಲಿಯೊಳ ಕೈಗೆ. ಒಂದು ವರ್ಷ ಮಾತ್ರ ಓದಿದ ಬೋಲ್ಡರಿನ ವಿಶ್ವವಿದ್ಯಾಲಯವೂ ಅದೇ ವರ್ಷ ತನ್ನ ಅಂಗಳದ ಕಾರಂಜಿಗೆ ಅವನ ಹೆಸರಿಟ್ಟಿತು. ನೀರಿನ ನಂಟು ಅವನನ್ನು ಬಿಡಲೇ ಇಲ್ಲ.

ಹೊರಡುವ ದಿನ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಆವರಣಕ್ಕೆ ಹೋದೆವು. ಜೆನ್ನಿ ಹೋಲ್ಜರ್ ಎಂಬ ಕಲಾವಿದೆ 1999ರಲ್ಲಿ ಮಾಡಿದ ಒಂದು ಪುಟ್ಟ ತೋಟವಿದೆ ಅಲ್ಲಿ, ಕಪ್ಪುಪಟ್ಟಿಯ ಸ್ಮಾರಕ. ಕಲ್ಲಿನ ಬೆಂಚುಗಳು, ಅವುಗಳ ಮೇಲೆ ಆ ಜನರ ಮಾತುಗಳನ್ನು ಕೆತ್ತಿದ್ದಾರೆ. ವಿದ್ಯಾರ್ಥಿಗಳು ಅದರ ಮೇಲೆ ಕೂತು ಸ್ಯಾಂಡ್‌ವಿಚ್ ತಿನ್ನುತ್ತಿದ್ದರು. ಒಬ್ಬ ಹುಡುಗ ನಾವು ಓದಲು ಬಗ್ಗಿದ್ದನ್ನು ನೋಡಿ, ಕ್ಷಮಿಸಿ ಎನ್ನುತ್ತ ಪಕ್ಕಕ್ಕೆ ಸರಿದ. ಅವನು ಸರಿದ ಜಾಗದಲ್ಲಿ ಅಕ್ಷರಗಳಿದ್ದವು.

ಒಂದು ಸಂಗತಿ ಉಳಿಯಿತು. ಟ್ರಂಬೊನ ಮಗ ಕ್ರಿಸ್ಟೋಫರ್, ಹಂಟರನ ಮಗ ಟಿಮ್, ಇಬ್ಬರೂ ಬಾಲ್ಯದ ಗೆಳೆಯರು. ಹೆಸರು ಕಳೆದುಕೊಂಡವನ ಮಗ, ಹೆಸರು ಕೊಟ್ಟವನ ಮಗ. ಅವರಿಬ್ಬರೂ ಸೇರಿ, ಅಪ್ಪಂದಿರ ಲೆಕ್ಕ ಸರಿಮಾಡಿ ಎಂದು ಬರಹಗಾರರ ಸಂಘವನ್ನು ಕೇಳಿಕೊಂಡರು. ಸಂಘ ಹಳೆಯ ಕಾಗದಪತ್ರ ನೋಡಿ, 2011ರ ಡಿಸೆಂಬರಿನಲ್ಲಿ 'ರೋಮನ್ ಹಾಲಿಡೇ'ಯ ಕಥೆಗೂ ಚಿತ್ರಕಥೆಗೂ ಡಾಲ್ಟನ್ ಟ್ರಂಬೊನ ಹೆಸರು ಸೇರಿಸಿತು. ಚಿತ್ರ ಬಂದು 58 ವರ್ಷವಾಗಿತ್ತು. ಕ್ರಿಸ್ಟೋಫರ್ ಅದೇ ವರ್ಷದ ಆರಂಭದಲ್ಲಿ ತೀರಿಕೊಂಡಿದ್ದ.

ನೀವು ಆ ಚಿತ್ರವನ್ನು ಮತ್ತೆ ಯಾವಾಗಲಾದರೂ ಹಾಕಿಕೊಂಡರೆ, ಶುರುವಿನ ಹೆಸರುಗಳನ್ನು ಓಡಿಸಿಬಿಡಬೇಡಿ.